ಅಕ್ಕನ ಆರು ಡ್ರಿಪ್ಪುಗಳ ವರ್ಷ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಅದೂ ಬತ್ತಲಗುಂಡು ದಾಟಿದ ಮೇಲೆ, ನೆರಳಿಲ್ಲದ, ಟೀ ಅಂಗಡಿಯೂ ಇಲ್ಲದ ಕಡೆ. ಅಕ್ಕನಿಗೆ ದಾರಿಯಲ್ಲೇ ವಾಂತಿ ಶುರುವಾಗಬಹುದಿತ್ತು. ಪಕ್ಕದ ಸೀಟಿನವರು ಮುಖ ಸಿಂಡರಿಸಿ, ನಾನು ಅವರ ಜೊತೆ ಜಗಳಕ್ಕೆ ನಿಂತು, ಇಬ್ಬರನ್ನೂ ಕಂಡಕ್ಟರ್ ಕೆಳಗಿಳಿಸಬಹುದಿತ್ತು. ಆಸ್ಪತ್ರೆಯಲ್ಲಿ ಕೈಯ ನರ ಸಿಗದೆ ನಾಲ್ಕು ಕಡೆ ಚುಚ್ಚಬಹುದಿತ್ತು. ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗಿದೆ, ಇವತ್ತು ಆಗುವುದಿಲ್ಲ, ಹೋಗಿ ಬನ್ನಿ ಎನ್ನಬಹುದಿತ್ತು. ಇನ್ಯಾರೋ ರಾಜಾಮಣಿಯ ಔಷಧಿಯನ್ನು ನಮ್ಮ ರಾಜಾಮಣಿಗೆ, ಅಂದರೆ ಅಕ್ಕನಿಗೆ, ಏರಿಸಬಹುದಿತ್ತು. ನಮ್ಮ ಕಡೆ ಬೀದಿಗೆ ಇಬ್ಬರು ರಾಜಾಮಣಿಗಳಿದ್ದಾರೆ. ಜ್ವರ ಬರಬಹುದಿತ್ತು. ಆಪರೇಷನ್ ನಡುವೆ ಕರೆಂಟು ಹೋಗಬಹುದಿತ್ತು. ಹೊಟ್ಟೆ ಕೊಯ್ದು, ಒಳಗೆ ನೋಡಿ, ಮಾಡುವುದೇನೂ ಇಲ್ಲವೆಂದು ಹಾಗೇ ಹೊಲಿದು ಕಳಿಸಬಹುದಿತ್ತು. ಇದೆಲ್ಲದರ ಗಾಬರಿಗೆ ಅಕ್ಕನಿಗಿಂತ ಮೊದಲು ನಾನೇ ಹೋಗಿಬಿಡಬಹುದಿತ್ತು. ಹಾಗಾದರೆ ಅವಳನ್ನು ದಿಂಡಿಗಲ್ಲಿಗೆ ಕರೆದುಕೊಂಡು ಹೋಗುವವರು ಯಾರು ಎನ್ನುವುದನ್ನೂ ಯೋಚಿಸಿ, ಭಾವನಿಗೆ ಬಸ್ಸಿನ ಸಮಯವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ.

ಹೋದ ವಾರ ತೇನಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ ದ್ರಾಕ್ಷಿ ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು ನೀರು ಕುಡಿಯಲು ಹೋದಳು. ಪನ್ನೀರ್ ದ್ರಾಕ್ಷಿ. ನಮ್ಮ ಕಂಬಂ ಕಣಿವೆಯ ಕಪ್ಪು ಹಣ್ಣು, ಹತ್ತು ಹೆಜ್ಜೆ ದೂರಕ್ಕೂ ಪನ್ನೀರಿನ ವಾಸನೆ ಹೊಡೆಯುತ್ತದೆ. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ತಾನಾಗಿ ಬುಟ್ಟಿಯನ್ನು ಅಷ್ಟು ದೂರ ತಳ್ಳಿತು. ಆಮೇಲೆ ನಾಚಿಕೆಯಾಯಿತು. ಸೋಂಕು ತಗುಲೀತು, ಅಕ್ಕನಿಗೆ ಹಸಿ ಹಣ್ಣು ಕೊಡಬಾರದು ಎಂದು ಡಾಕ್ಟರು ಹೇಳಿದ್ದ ವರ್ಷ ಮುಗಿದು ಮೂರು ವರ್ಷವಾಗಿದೆ. ನನ್ನ ಕೈಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ಆ ವರ್ಷ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಜೋರಾಗಿತ್ತು. ನಮ್ಮ ಕಣಿವೆಯಲ್ಲಿ ಆಡಿ ಗಾಳಿ ಬೀಸಿದರೆ ದ್ರಾಕ್ಷಿ ಚಪ್ಪರದ ತಂತಿಗಳು ಹಗಲೆಲ್ಲ ಗುಂಯ್ ಅನ್ನುತ್ತವೆ. ಬೆಟ್ಟದ ಆಚೆ ಕೇರಳದಲ್ಲಿ ಸುರಿಯುವ ಮಳೆಯ ತುಂತುರು ಮಾತ್ರ ನಮ್ಮ ಮುಖಕ್ಕೆ. ಆ ಗಾಳಿಯಲ್ಲಿ ಅಕ್ಕ ಅಂಗಳದಲ್ಲಿ ನಿಂತು ಸೀರೆ ಬಿಗಿ ಹಿಡಿದಿದ್ದಾಗ ಅವಳ ಹೊಟ್ಟೆ ನನ್ನ ಕಣ್ಣಿಗೆ ಬಿತ್ತು. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಆರು ತಿಂಗಳ ಬಸುರಿಯ ಹಾಗೆ. ಅವಳಿಗೆ ಐವತ್ತಾರು.

"ಗ್ಯಾಸು," ಅಂದಳು. "ಎರಡು ಇಡ್ಲಿ ತಿಂದ್ರೆ ಸಾಕು, ತುಂಬಿ ಬರ್ತೈತೆ."

"ಯಾವಾಗಿಂದ?"

"ಪೊಂಗಲಿಂದ ಇರಬೈದು."

ನಾನು ತೇನಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಲಿಲ್ಲ, ಅದಕ್ಕೆ ಬೇಕಾದ ಧೈರ್ಯ ಕೂಡಿಸುವಷ್ಟರಲ್ಲಿ ವಯಸ್ಸು ದಾಟಿತ್ತು. ತಲೆನೋವು ಬಂದರೆ ತಲೆಯೊಳಗೆ ಏನೋ ಬೆಳೆಯುತ್ತಿದೆ ಎಂದು ಮೂವತ್ತು ವರ್ಷದಿಂದ ನಂಬಿಕೊಂಡು ಬಂದವಳು. ಹಾಗಾಗಿ 'ಡಾಕ್ಟರ ಹತ್ತಿರ ಹೋಗೋಣ' ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಇಷ್ಟು ವರ್ಷ ಸುಳ್ಳು ಗಂಟೆ ಬಾರಿಸಿದ ನನಗೆ ಇದು ಆಗಬೇಕಾದದ್ದೇ. ಕೊನೆಗೆ ಅವಳನ್ನು ಕರೆದುಕೊಂಡು ಹೋಗಲು ನಾನು ನನ್ನ ಹಳೆಯ ತಲೆನೋವನ್ನೇ ನೆಪ ಮಾಡಿಕೊಂಡೆ. ನನಗೆ ಜೊತೆಗೆಂದು ಬಂದ ಅಕ್ಕನನ್ನು ಸ್ಕ್ಯಾನಿಗೆ ಮಲಗಿಸಿದೆವು. ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆಯ ತುಂಬ ನೀರು. ತೇನಿಯವರು ದಿಂಡಿಗಲ್ಲಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ದಿಂಡಿಗಲ್ಲಿನ ಮೊದಲ ದಿನ ನಾವು ಮಾಡಿದ ತಪ್ಪನ್ನು ಹೇಳಬೇಕಾದರೆ ನಮ್ಮ ಒಂದು ಅಭ್ಯಾಸವನ್ನು ಮೊದಲು ಹೇಳಬೇಕು. ನಾವು ಈ ಕಣಿವೆಯ ಕನ್ನಡದ ಒಕ್ಕಲು ಮಂದಿ. ಎಷ್ಟು ತಲೆಮಾರಿನ ಹಿಂದೆ ಬಂದೆವೋ ಯಾರಿಗೂ ಸರಿಯಾಗಿ ತಿಳಿಯದು. ಓದಿದ್ದು, ವ್ಯಾಪಾರ, ಕೋರ್ಟು ಕಚೇರಿ ಎಲ್ಲ ತಮಿಳು. ಕನ್ನಡ ಅಡಿಗೆಮನೆಯ ಭಾಷೆ. ಅದಕ್ಕೆ ಅಕ್ಷರವುಂಟು ಎನ್ನುವುದೇ ನನಗೆ ತಿಳಿದದ್ದು ಹೊಸೂರಿಗೆ ವರ್ಗವಾದ ಮೇಲೆ, ಅಲ್ಲಿ ಕಲಿತೆ. ಆದರೆ ಮನೆ ಹೊರಗೆ ನಾವು ಅದನ್ನು ಬಳಸುವುದು ಒಂದೇ ಕೆಲಸಕ್ಕೆ, ಪರದೆ ಎಳೆಯಲು. ಸೀರೆ ಅಂಗಡಿಯಲ್ಲಿ, ಅಂಗಡಿಯವನ ಮುಖ ನೋಡಿ ನಗುತ್ತಲೇ, 'ಬ್ಯಾಡ, ಬಣ್ಣ ಬಿಡ್ತೈತೆ' ಅನ್ನುತ್ತೇವೆ. ಸುತ್ತ ಇರುವವರಿಗೆ ಕಿವಿಯೇ ಇಲ್ಲ ಎನ್ನುವಷ್ಟು ನಿಶ್ಚಿಂತೆ.

ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು: "ನಿಮ್ಮ ಅಮ್ಮನಿಗೆ, ಅಮ್ಮನ ಅಕ್ಕತಂಗಿಯರಿಗೆ, ಹೊಟ್ಟೆಯಲ್ಲೋ ಎದೆಯಲ್ಲೋ ಗಡ್ಡೆ ಬಂದಿತ್ತಾ?"

ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತ, ತಿಥಿ ಕೇಳುವವಳ ಹಾಗೆ ನಮ್ಮ ಮಾತಿನಲ್ಲಿ ಹೇಳಿದಳು: "ಅವ್ವಂದು ಹೇಳ್ಬ್ಯಾಡ ಪುಳ್ಳೆ. ಚಿಕ್ಕವ್ವಂದೂ ಬ್ಯಾಡ. ಕವಿತಂಗೆ ಮಾತು ನಡೀತೈತೆ."

ಪುಳ್ಳೆ ಅಂದರೆ ಹುಡುಗಿ. ನಲವತ್ತೊಂಬತ್ತರ ಹುಡುಗಿ ನಾನು. ಕವಿತಾ ಅಕ್ಕನ ಒಬ್ಬಳೇ ಮಗಳು, ಚಿನ್ನಮನೂರಿನಲ್ಲಿ ಟೀಚರ್. ನಮ್ಮವರಲ್ಲೇ ಒಂದು ಮನೆಯಿಂದ ಹೆಣ್ಣು ಕೇಳಿ ಬಂದಿದ್ದರು. ಇಷ್ಟೇ ಇಷ್ಟು ಜನ ನಾವು, ಒಬ್ಬರಿಗೊಬ್ಬರು ಕೊಟ್ಟು ತಂದು ಬದುಕಿದವರು. ಒಂದು ಮನೆಯ ರಕ್ತದ ಬಗ್ಗೆ ಮಾತು ಎದ್ದರೆ ಗೂಡಲೂರಿನ ತನಕ ಕೇಳಿಸುತ್ತದೆ. ನಮ್ಮ ಅವ್ವ ಹೊಟ್ಟೆಗೆ ನೀರು ತುಂಬಿ ಐವತ್ತೆರಡಕ್ಕೆ ಹೋದಳು. ಊರಿಗೆ ಕಾಮಾಲೆ ಎಂದು ಹೇಳಿದ್ದೆವು. ಚಿಕ್ಕವ್ವನಿಗೆ ಎದೆಯಲ್ಲಿ ಗಡ್ಡೆ. ಅದನ್ನು ಬಿದ್ದ ಪೆಟ್ಟು ಎಂದಿದ್ದೆವು.

ನಾನು ತಮಿಳಿನಲ್ಲಿ, "ಇಲ್ಲ ಮೇಡಂ. ಅಮ್ಮ ವಯಸ್ಸಾಗಿ ಹೋದರು," ಎಂದೆ. ಪಕ್ಕದಲ್ಲಿ ತೂಕ ಬರೆದುಕೊಳ್ಳುತ್ತಿದ್ದ ನರ್ಸು ಒಂದು ಸಲ ತಲೆ ಎತ್ತಿ ಮತ್ತೆ ಬಗ್ಗಿಸಿದಳು.

ಆಮೇಲೆ ರಕ್ತ ತೆಗೆಯುವಾಗ ಅವಳೇ ಬಂದಳು. ಅಕ್ಕನ ತೋಳಿಗೆ ರಬ್ಬರ್ ಕಟ್ಟಿ, ನರ ತಡವುತ್ತ, ಮೆಲ್ಲಗೆ ಕೇಳಿದಳು: "ಅವ್ವಂಗೂ ಹೊಟ್ಟೆಯೇ ಊದಿತ್ತೇನಕ್ಕಾ?"

ಕನ್ನಡದಲ್ಲಿ.

ಅಕ್ಕನ ಕೈ ಮರದ ಕೊರಡಿನ ಹಾಗೆ ಬಿಗಿಯಾಯಿತು. ನಾನು ಕಿಟಕಿಯ ಕಡೆ ನೋಡಿದೆ. ಎರಡನೇ ಮಹಡಿ, ಹಾರುವ ಹಾಗಿರಲಿಲ್ಲ.

"ನಮ್ದು ವೇದಸಂದೂರು ಕಡೆ," ಅಂದಳು ಅವಳು. ಹೆಸರು ಮಲ್ಲಿಕಾ. "ಹನ್ನೊಂದು ವರ್ಸ ಆತು ಇಲ್ಲಿ. ನನ್ನ ಮುಂದೆ ನಮ್ಮ ಮಾತಲ್ಲಿ ಗುಟ್ಟು ಹೇಳೋರು ಇವತ್ತಿಗೆ ನೀವು ಮೂರನೇಯೋರು. ಒಬ್ಬಮ್ಮ ನನ್ನ ಮೂಗು ಚೆನ್ನಾಗಿಲ್ಲ ಅಂತಾಳೆ. ಸುಮ್ಕಿರ್ತೀನಿ. ಇದಕ್ಕೆ ಸುಮ್ಕಿರೋ ಹಂಗಿಲ್ಲಕ್ಕಾ. ಇದು ಅವ್ವನಿಂದ ಬಂದ ರಕ್ತದ ದೋಸ ಆದ್ರೆ, ಡ್ರಿಪ್ಪು ಮುಗಿದ ಮ್ಯಾಲೆ ಅದಕ್ಕಂತಲೇ ಮಾತ್ರೆ ಐತೆ. ತಿರುಗಿ ಬರೋದನ್ನ ತಡೀಬೈದು, ಇಲ್ಲ ದೂರ ತಳ್ಳಬೈದು. ಗೊತ್ತಿಲ್ದೆ ಹೆಂಗೆ ಕೊಡ್ತಾರೆ?"

"ಡಾಕ್ಟ್ರಿಗೆ ಹೇಳ್ತೀಯಾ?" ಅಕ್ಕ ಕೇಳಿದಳು.

"ನಾನು ಹೇಳಲ್ಲ. ನೀವೇ ಹೇಳಿ."

ಅಕ್ಕ ಹೇಳಲಿಲ್ಲ. ಮೊದಲ ಡ್ರಿಪ್ಪು ಆಯಿತು, ಮೂರು ವಾರ ಬಿಟ್ಟು ಎರಡನೆಯದೂ ಆಯಿತು. ಬಸ್ಸಿನಲ್ಲಿ ನಾನು ಬಾಯಿ ತೆರೆದರೆ, "ನನ್ನ ಜೀವ ಇನ್ನ ಎಷ್ಟು ದಿನ, ಕವಿತ ಬದುಕಬೇಕಾದೋಳು," ಎಂದು ಕಿಟಕಿಗೆ ತಿರುಗುವಳು. ನಾನೇ ಡಾಕ್ಟರಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಅಕ್ಕ ಚಿಕಿತ್ಸೆಯನ್ನೇ ಬಿಟ್ಟರೆ, ಹೇಳದಿದ್ದರೆ ಆ ಮಾತ್ರೆ ತಪ್ಪಿದರೆ, ಹೇಳಿ ಮದುವೆ ಮುರಿದರೆ, ಎಂದು ಮೂರನ್ನೂ ಸುತ್ತುತ್ತ ಕೂತೆ. ಚಿಂತೆ ಮಾಡುವವಳು ಏನಾದರೂ ಮಾಡುತ್ತಿದ್ದಾಳೆ ಎಂದು ನೋಡುವವರಿಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಡ್ರಿಪ್ಪಿನ ಕೋಣೆಯಲ್ಲಿ ಉದ್ದಕ್ಕೆ ಒರಗುವ ಕುರ್ಚಿಗಳು. ಅಕ್ಕನ ಪಕ್ಕದ ಕುರ್ಚಿ ಪಾಂಡಿಯಮ್ಮನವರದು. ಬತ್ತಲಗುಂಡಿನ ಸಂತೆಯಲ್ಲಿ ವೀಳ್ಯದೆಲೆ ಮಾರುವವರು, ಅದೇ ರೋಗ, ಅದೇ ಔಷಧಿ, ಅದೇ ದಿನ. ಬೋಳುತಲೆಗೆ ಮೊಮ್ಮಗನ ಕ್ರಿಕೆಟ್ ಟೋಪಿ ಹಾಕಿಕೊಂಡು ಬರುವರು. ತಮಿಳಿನಲ್ಲಿ ನಮ್ಮನ್ನು ಕಾಡಿಸುವುದೇ ಅವರ ಕೆಲಸ.

"ಏನು ಅದು ಕುಡುಕುಡು ಮಾತು? ನನ್ನ ಬಗ್ಗೆಯೇನಾ?"

"ನಿಮ್ಮ ಟೋಪಿ ಚೆನ್ನಾಗಿದೆ ಅಂದಳು ಅಕ್ಕ," ಎನ್ನುವೆ ನಾನು.

"ಅದನ್ನ ಹೇಳೋಕೆ ಭಾಷೆ ಯಾಕೆ ಬದಲಾಯಿಸಬೇಕಮ್ಮಾ? ನಿನ್ನ ತಂಗಿ ಸುಳ್ಳು ಹೇಳುವಾಗ ಕತ್ತು ಕೆರೆದುಕೊಳ್ಳುತ್ತಾಳೆ ನೋಡು."

ಮೂರನೆಯ ಡ್ರಿಪ್ಪಿನ ದಿನ ಅಕ್ಕನ ತಲೆಯೂ ಬೋಳಾಗಿತ್ತು. ಪಾಂಡಿಯಮ್ಮ ಆ ದಿನ ತಾವಾಗಿ ಹೇಳಿದರು, ಎಲೆಯ ಕಟ್ಟು ಬಿಚ್ಚುವಷ್ಟು ಸಲೀಸಾಗಿ: ಇದು ಅವರಿಗೆ ಎರಡನೇ ಸಲ. ಮೊದಲು ವಾಸಿಯಾಗಿ ಎರಡು ವರ್ಷ ಅಂಗಡಿ ನಡೆಸಿದ್ದರು, ಮತ್ತೆ ಬಂತು. ಅವರ ಅಮ್ಮನಿಗೂ ಇತ್ತು. "ನನ್ನದು ಹೋಗಲಿ. ನನ್ನ ಮಗಳನ್ನ ಕಿವಿ ಹಿಡಿದು ಕರೆತಂದು ರಕ್ತ ಕೊಡಿಸಿದೆ. ಅವಳಲ್ಲೂ ಆ ದೋಷ ಇದೆಯಂತೆ. ಈಗ ತಪ್ಪದೆ ಬಂದು ತೋರಿಸಿಕೊಳ್ಳುತ್ತಾಳೆ. ನಮ್ಮಮ್ಮ ಬಾಯಿಬಿಟ್ಟು ಹೇಳಿದ್ದಿದ್ದರೆ ನಾನೂ ಬರುತ್ತಿದ್ದೆ. ಮರ್ಯಾದೆ ಅಂತ ನುಂಗಿಕೊಂಡು ಹೋದಳು ಮಹಾತಾಯಿ."

ಅಕ್ಕ ಸೀಸೆಯಿಂದ ಹನಿ ಬೀಳುವುದನ್ನೇ ನೋಡುತ್ತಿದ್ದಳು. ಅರ್ಧ ಸೀಸೆ ಇಳಿದ ಮೇಲೆ ನನ್ನ ಕಡೆ ತಿರುಗಿ, "ಕವಿತಂಗೆ ಇಪ್ಪತ್ತಾರಲ್ಲ?" ಅಂದಳು.

"ಇಪ್ಪತ್ತೇಳು."

"ಮಲ್ಲಿಕನ್ನ ಕರಿ."

ಅವತ್ತು ಡಾಕ್ಟರಮ್ಮನ ಮುಂದೆ ಅಕ್ಕ ಎಲ್ಲ ಹೇಳಿದಳು. ಅವ್ವನ ಹೊಟ್ಟೆ, ಚಿಕ್ಕವ್ವನ ಎದೆ, ಕಾಮಾಲೆ, ಬಿದ್ದ ಪೆಟ್ಟು. ಹೇಳುವಾಗ ಅವಳ ಧ್ವನಿ ಒಡೆಯಲಿಲ್ಲ. ಕೇಳುತ್ತಿದ್ದ ನಾನು ಬಿಕ್ಕುತ್ತಿದ್ದೆ, ಡಾಕ್ಟರಮ್ಮ ಪೇಷೆಂಟು ಯಾರು ಎಂದು ಒಂದು ಕ್ಷಣ ಗೊಂದಲಪಟ್ಟಂತಿತ್ತು. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಯಲ್ಲಿ ಆಪರೇಷನ್. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಎರಡಾದರೂ ಹೊರಗೆ ಬರಲಿಲ್ಲ. ಭಾವ ದ್ರಾಕ್ಷಿ ತೋಟದ ಮನುಷ್ಯ, ಮಾತು ಕಡಿಮೆ. ಒಂದೇ ಕಂಬಕ್ಕೆ ಒರಗಿ ಆರು ಗಂಟೆ ನಿಂತಿದ್ದರು. ನಾನು ಹಿಂದಿನ ದಿನ ಫೋನಿನಲ್ಲಿ ಈ ರೋಗದ ಬಗ್ಗೆ, ಐದು ವರ್ಷ ದಾಟುವವರ ಲೆಕ್ಕದ ಬಗ್ಗೆ ಓದಿ ಕೂತಿದ್ದೆ. ನಮ್ಮ ಹಾಗೆ ತಡವಾಗಿ ಬಂದವರ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದ್ದೆ. ಡಾಕ್ಟರಮ್ಮ ಹೊರಗೆ ಬಂದು, "ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದೇವೆ. ಅದು ಒಳ್ಳೆಯ ಸುದ್ದಿ," ಅಂದರು.

"ಕಾಣದೇ ಇರುವುದು?" ನನ್ನ ಬಾಯಿ.

"ಅದಕ್ಕೇ ಇನ್ನೂ ಮೂರು ಡ್ರಿಪ್ಪು."

"ಫೋನಿನಲ್ಲಿ ಹಾಕಿದ್ದಾರೆ ಮೇಡಂ, ಇಂಥವರಲ್ಲಿ..."

"ಆ ಲೆಕ್ಕ ಬರೆಯುವಾಗ ನಿಮ್ಮ ಅಕ್ಕ ಅದರಲ್ಲಿ ಇರಲಿಲ್ಲ," ಎಂದು ಅವರು ಭಾವನ ಕಡೆ ತಿರುಗಿ ಮಾತಾಡತೊಡಗಿದರು. ಭಾವ ಕಂಬ ಬಿಟ್ಟು ಕೈ ಮುಗಿದರು. ಅವರು ಬೆನ್ನು ಒರಗಿದ್ದ ಕಡೆ ಕಂಬದ ಸುಣ್ಣವೆಲ್ಲ ಅಂಗಿಗೆ ಅಂಟಿತ್ತು.

ಕಾರ್ತಿಕದಲ್ಲಿ ರಕ್ತದ ಫಲಿತಾಂಶ ಬಂತು. ಅಕ್ಕನಲ್ಲಿ ಆ ದೋಷ ಇತ್ತು. ನನ್ನಲ್ಲಿ ಇರಲಿಲ್ಲ. ಹುಟ್ಟಿದಾಗಿನಿಂದ ಎಲ್ಲ ರೋಗಕ್ಕೂ ಮುಂಗಡವಾಗಿ ಹೆದರಿದವಳು ನಾನು, ಒಂದು ಮಾತ್ರೆ ನುಂಗದೆ ಬೆಳೆದವಳು ಅವಳು. ಬಿಡುಗಡೆ ಅನ್ನಿಸಬೇಕಿತ್ತು. ಅವಳ ತಟ್ಟೆಯಿಂದ ಕದ್ದು ತಿಂದ ಹಾಗಾಯಿತು. ಮುಖ ನೋಡಲಾರದೆ ನಿಂತಿದ್ದಾಗ ಅಕ್ಕ, "ಬಿಡು. ನಿನಗೆ ಬಂದಿದ್ರೆ ನಮ್ಮನ್ನ ಬದುಕೋಕೇ ಬಿಡ್ತಿರ್ಲಿಲ್ಲ ನೀನು," ಅಂದಳು.

ಕವಿತಾಳಿಗೆ ಅವಳೇ ಕೂತು ಹೇಳಿದಳು. ಕವಿತಾ ಆ ಹುಡುಗನಿಗೆ ಹೇಳಿದಳು. ಮೂರು ವಾರ ಅವರ ಮನೆಯಿಂದ ಮಾತಿಲ್ಲ. ನಾಲ್ಕನೇ ವಾರ ಹುಡುಗನ ತಾಯಿ ಒಬ್ಬರೇ ಬಂದರು, ಅಡಿಗೆಮನೆಗೆ ನೇರ ಹೋಗಿ, ಬಾಗಿಲು ಮುಂದೆ ಮಾಡಿ, ಅಕ್ಕನ ಪಕ್ಕ ಕೂತು ಹೇಳಿದರಂತೆ: "ನಮ್ಮ ಅತ್ತೆಗೂ ಹಿಂಗೇ ಆಗಿತ್ತು ಕಣಕ್ಕ. ನಾವು ಹೊಟ್ಟೆಹುಣ್ಣು ಅಂದಿದ್ವಿ." ಮದುವೆ ನಡೆಯಿತು. ಕವಿತಾ ಪರೀಕ್ಷೆಯನ್ನೂ ಮಾಡಿಸಿಕೊಂಡಳು. ಅದರಲ್ಲಿ ಏನು ಬಂತು ಎನ್ನುವುದು ಅವಳ ಮಾತು, ನಾನು ಬರೆಯುವುದಲ್ಲ.

ಧನುರ್ಮಾಸದ ಮಾರ್ಗಳಿ ಮಂಜಿನಲ್ಲಿ ಐದನೆಯ ಡ್ರಿಪ್ಪಿಗೆ ಹೋದಾಗ ಪಾಂಡಿಯಮ್ಮನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಹುಷಾರಿಲ್ಲ, ಮುಂದಿನ ಸಲ ಬರುತ್ತಾರೆ ಎಂದಳು ಮಲ್ಲಿಕಾ. ಕನ್ನಡದಲ್ಲಿ ಹೇಳಿದರೂ ಅವಳ ಕಣ್ಣು ಸೂಜಿಯ ಮೇಲೇ ಇತ್ತು. ಆ ಹೊತ್ತಿಗೆ ಅಕ್ಕನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಬ್ಲೌಸಿನ ಕೊಕ್ಕೆ ನಾನೇ ಹಾಕಬೇಕು. ಪಾದವೂ ಹಾಗೇ, ಹತ್ತಿಯ ಮೇಲೆ ನಡೆದಂತೆ ಎನ್ನುವಳು. ಈ ಔಷಧಿಯ ಗುಣವೇ ಅದು, ನಿಧಾನವಾಗಿ ಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ ಎಂದಿದ್ದರು. ಮನೆಯ ಚಪ್ಪರದಲ್ಲಿ ಆಗ ಹಣ್ಣು ಕಪ್ಪಾಗಿ ತೂಗುತ್ತಿತ್ತು. ಅಕ್ಕ ಹಗ್ಗದ ಮಂಚ ಹಾಕಿಸಿಕೊಂಡು ಕೆಳಗೆ ಮಲಗಿ, ತಿನ್ನಬಾರದ ಹಣ್ಣಿನ ವಾಸನೆ ಕುಡಿಯುತ್ತ ಹೊತ್ತು ಕಳೆದಳು.

ಆರನೆಯದು ತೈ ತಿಂಗಳಲ್ಲಿ, ಪೊಂಗಲ್ ಕಳೆದು. ಸೂಜಿ ತೆಗೆದ ಮೇಲೆ ಅಕ್ಕ ಮಲ್ಲಿಕಾಳನ್ನು ನೇರ ಕೇಳಿದಳು. ಪಾಂಡಿಯಮ್ಮ ಮಾರ್ಗಳಿ ಮುಗಿಯುವ ಮೊದಲೇ ತೀರಿಕೊಂಡಿದ್ದರು. ಅಕ್ಕ ಆ ಕುರ್ಚಿಯ ತೋಳನ್ನು ಒಂದು ಸಲ ಮುಟ್ಟಿದಳು, ಬೆರಳಿಗೆ ತಿಳಿಯಲಿಲ್ಲವೇನೋ, ಅಂಗೈ ಪೂರ್ತಿ ಇಟ್ಟಳು.

ಒಂದು ತಿಂಗಳಾದ ಮೇಲೆ ಸ್ಕ್ಯಾನು, ಮತ್ತೆ ರಕ್ತ. ಡಾಕ್ಟರಮ್ಮ ಎರಡನ್ನೂ ಮುಂದಿಟ್ಟುಕೊಂಡು ಕೂತಿದ್ದರು.

"ವಾಸಿ ಆಯ್ತಾ ಡಾಕ್ಟ್ರಮ್ಮ?" ಅಕ್ಕನ ತಮಿಳು ಆ ದಿನ ಬಹಳ ಸ್ಪಷ್ಟವಾಗಿತ್ತು.

"ಈಗ ಎಲ್ಲೂ ಕಾಣುತ್ತಿಲ್ಲ. ರಕ್ತದ ಅಂಕೆಯೂ ಇಳಿದಿದೆ. ಇನ್ನು ಮಾತ್ರೆ ಶುರು ಮಾಡೋಣ. ನೀವು ಅಮ್ಮನ ವಿಷಯ ಹೇಳಿದ್ದಕ್ಕೆ ಕೊಡಲು ಆಗುತ್ತಿರುವುದು. ಆದರೂ ಇದು ತಿರುಗಿ ಬರುವ ರೋಗ, ಸುಳ್ಳು ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರಬೇಕು."

"ಮೂರೇನಾ? ಕಡ್ಡಿ ಕತ್ತರಿಸಿ ಕವಾತು ಮಾಡಿದ ದ್ರಾಕ್ಷಿ ಕೊಯ್ಲಿಗೆ ಬರೋಕೆ ನಾಲ್ಕು ತಿಂಗಳು ಬೇಕು. ಸ್ವಲ್ಪ ಸೇರಿಸಿ ಕೊಡಿ."

ಡಾಕ್ಟರಮ್ಮ ನಗುತ್ತ ತಲೆಯಾಡಿಸಿದರು. "ಮೂರೇ."

"ಆಗಲಿ. ಕೊಟ್ಟಷ್ಟು," ಎಂದು ಅಕ್ಕ ಎದ್ದಳು.

ಹಿಂದಿರುಗುವಾಗ ಬೆಟ್ಟ ಹತ್ತಿ ಕೇರಳದ ಗಡಿಯ ತನಕ ಹೋಗುವ ಕುಮುಳಿ ಬಸ್ಸು ಸಿಕ್ಕಿತು, ಕಿಟಕಿಯ ಸೀಟೇ ಸಿಕ್ಕಿತು. ಬತ್ತಲಗುಂಡಿನಲ್ಲಿ ಬಸ್ಸು ನಿಂತಾಗ ಅಕ್ಕ ವೀಳ್ಯದೆಲೆಯ ಸಾಲಿನ ಕಡೆ ನೋಡಿದಳು. ನಾನೂ ನೋಡಿದೆ. ಆಮೇಲೆ ತೇನಿ ಬರುವ ತನಕ ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಹೊಸದಾಗಿ ಹುಟ್ಟುತ್ತಿದ್ದ ಕೂದಲು ನನ್ನ ಕತ್ತಿಗೆ ಚುಚ್ಚುತ್ತಿತ್ತು. ಉತ್ತಮಪಾಳಯ ಕಳೆದು ನಮ್ಮ ನಿಲ್ದಾಣ ಬಂದಾಗ ಕಂಡಕ್ಟರ್ ಸೀಟಿ ಊದಿ ಅವಸರ ಮಾಡಿದ. ನಾನು ಮೊದಲು ಇಳಿದು ಕೈ ಕೊಟ್ಟೆ, ಅಕ್ಕ ಇಳಿದಳು, ಬಸ್ಸು ಧೂಳೆಬ್ಬಿಸಿ ಹೋಯಿತು.

ಭಾವ ಬೇಲಿಯ ಪಕ್ಕ ಗಾಡಿ ನಿಲ್ಲಿಸಿಕೊಂಡು ಕಾದಿದ್ದರು. ಅಕ್ಕ ರಸ್ತೆ ದಾಟಿ, ಜಲ್ಲಿ ಹಾಸಿದ ದಾರಿಯಲ್ಲಿ ಅವರ ತನಕ ನಡೆದು ಹೋಗಿ, "ಎಲ್ಲೂ ಕಾಣಿಸ್ತಿಲ್ವಂತೆ," ಅಂದಳು.

ಭಾವ ತಲೆ ತಗ್ಗಿಸಿ, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ತಲೆ ತಗ್ಗಿಸಿದವರು ಹಾಗೇ ನೆಲ ನೋಡುತ್ತ ನಿಂತರು.

"ಇನ್ನೊಂದು ಚಪ್ಪಲಿ ಎಲ್ಲಿ?"

ಅಕ್ಕ ಬಗ್ಗಿ ನೋಡಿಕೊಂಡಳು. ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿಗಾಲು, ಮಧ್ಯಾಹ್ನದ ಕಾದ ಜಲ್ಲಿಯ ಮೇಲೆ. ಬಸ್ಸಿನಲ್ಲಿ ಜಾರಿತೋ, ಮೆಟ್ಟಿಲಲ್ಲೋ, ಅವಳ ಕಾಲಿಗೆ ತಿಳಿದಿರಲಿಲ್ಲ. ಅಷ್ಟು ದೂರ ಹಿಂದಿನಿಂದ ನಡೆದು ಬಂದ ನನಗೂ ಕಂಡಿರಲಿಲ್ಲ. ನಾನು ಅವಳ ತಲೆಯನ್ನೇ ನೋಡುತ್ತಿದ್ದೆ. ಗಾಬರಿಯಲ್ಲಿ ಬಸ್ಸಿನ ಹಿಂದೆ ಓಡಲು ತಿರುಗಿದೆ. ಅದು ಗೂಡಲೂರಿನ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಎಲ್ಲಿಗೆ ಓಡ್ತೀಯೇ ಪುಳ್ಳೆ," ಅಂದಳು ಅಕ್ಕ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ; ಭಾವನ ತೋಳು ಹಿಡಿದುಕೊಂಡು, ಹೊಲಿಗೆ ಹಾಕಿದ ಹೊಟ್ಟೆಯನ್ನು ಇನ್ನೊಂದು ಕೈಯಲ್ಲಿ ಅದುಮಿಕೊಂಡು ನಗುತ್ತಿದ್ದಳು. "ಹೋಗ್ಲಿ ಬಿಡು. ಅದಾದ್ರೂ ಕುಮುಳಿ ನೋಡ್ಲಿ."